ಸೆರೆಮನೆಗೆ ಹೋದ ವಿದ್ಯಾರ್ಥಿಗಳೂ ಜಾಮೀನಿಲ್ಲದ ಪರಸ್ಥಳದವನೂ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಚಳವಳಿಯೆಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಮುಷ್ಕರ, ಮೆರವಣಿಗೆ, ಮುಂದಕ್ಕೆ ಹೋದ ಪರೀಕ್ಷೆ, ಬಸ್ಸಿಗೆ ಬಿದ್ದ ಕಲ್ಲು ಇವೇ ಕಣ್ಣಮುಂದೆ ಬರುವುದು ಸಹಜ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ತಂದೆತಾಯಿಗಳಿಗೆ ಆ ಶಬ್ದವೇ ದಿಗಿಲನ್ನುಂಟುಮಾಡುತ್ತದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ದೇಶದ ಕೆಲವು ವಿದ್ಯಾರ್ಥಿಗಳು ಯಾವ ಘೋಷಣೆಯನ್ನೂ ಕೂಗದೆ, ಯಾವ ಗಾಜನ್ನೂ ಒಡೆಯದೆ ಒಂದು ಚಳವಳಿಯನ್ನು ನಡೆಸಿರುವರು. ಅವರು ಕಾಗದವನ್ನೂ ಲೇಖನಿಯನ್ನೂ ಹಿಡಿದು ಸೆರೆಮನೆಯ ಬಾಗಿಲನ್ನು ತಟ್ಟಿದರು. ಒಳಗಿದ್ದವನನ್ನು ನೀನು ಯಾರು, ಯಾವ ಊರಿನವನು, ನಿನ್ನ ಪರವಾಗಿ ಮಾತನಾಡುವವರು ಯಾರಾದರೂ ಉಂಟೆ ಎಂದು ಕೇಳಿದರು. ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಪರಸ್ಥಳದಲ್ಲಿ ಬಾಳುವ ನಮ್ಮಂಥವರಿಗೆ ವಿಶೇಷವಾಗಿ ಸಂಬಂಧಪಟ್ಟಿರುವುದರಿಂದ ಈ ವಿಚಾರವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ಕೇಂದ್ರ ಸರಕಾರದ ಅಪರಾಧ ದಾಖಲೆ ಸಂಸ್ಥೆಯವರು ಪ್ರಕಟಿಸಿದ ಅಂಕಿಗಳ ಮೇರೆಗೆ, 2022ರ ಡಿಸೆಂಬರ್ 31ರಂದು ದೇಶದಲ್ಲಿ 1,330 ಸೆರೆಮನೆಗಳಿದ್ದುವು. ಅವುಗಳಲ್ಲಿ ಇರಿಸಬಹುದಾದವರ ಸಂಖ್ಯೆ 4,36,266. ಇದ್ದವರ ಸಂಖ್ಯೆ 5,73,220. ನಮ್ಮ ಹಳೆಯ ಉದ್ಯೋಗದ ಭಾಷೆಯಲ್ಲಿ ಹೇಳುವುದಾದರೆ, 100 ಎಲೆ ಹಾಕುವ ಪಂಕ್ತಿಯಲ್ಲಿ 131 ಜನರನ್ನು ಕುಳ್ಳಿರಿಸಿದಂತೆ. ಇದಕ್ಕಿಂತಲೂ ಯೋಚಿಸಬೇಕಾದ ಅಂಕಿ ಇನ್ನೊಂದುಂಟು. ಹೀಗೆ ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ಅವರು ತಪ್ಪು ಮಾಡಿದರೋ ಇಲ್ಲವೋ ಎಂಬುದನ್ನು ಯಾವ ನ್ಯಾಯಾಧೀಶನೂ ಇನ್ನೂ ತೀರ್ಮಾನಿಸಿರಲಿಲ್ಲ. ನಾಲ್ವರಲ್ಲಿ ಮೂವರು ತೀರ್ಪಿಲ್ಲದೆಯೇ ಸೆರೆಯನ್ನು ಅನುಭವಿಸುತ್ತಿದ್ದರೆಂದಾಯಿತು.

ಸೆರೆಮನೆಯ ಸುಧಾರಣೆಗೂ ವಿದ್ಯಾರ್ಥಿಗಳಿಗೂ ಇರುವ ನಂಟು ಹೊಸತಲ್ಲ. ಕಲಕತ್ತೆಯ ಕಾಲೇಜೊಂದರಿಂದ ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದ ಜತೀಂದ್ರನಾಥ ದಾಸರು 1929ರಲ್ಲಿ ಲಾಹೋರಿನ ಸೆರೆಮನೆಯಲ್ಲಿ 63 ದಿನಗಳ ಉಪವಾಸದ ನಂತರ, ಸೆಪ್ಟೆಂಬರ್ 13ರಂದು, ಪ್ರಾಣಬಿಟ್ಟರು. ಅವರೂ ಭಗತಸಿಂಹ ಮೊದಲಾದ ಜತೆಗಾರರೂ ಕೇಳಿದುದು ಬಿಡುಗಡೆಯನ್ನಲ್ಲ. ಕೈದಿಯು ತಿನ್ನತಕ್ಕ ಅನ್ನ, ತೊಡತಕ್ಕ ಬಟ್ಟೆ, ಓದತಕ್ಕ ಪುಸ್ತಕ ಮತ್ತು ವೃತ್ತಪತ್ರಿಕೆ, ಇಷ್ಟನ್ನೇ. ಅಂದಿನ ಯುವಕರು ಸ್ವತಃ ಕೈದಿಗಳಾಗಿದ್ದರು. ಇಂದಿನ ವಿದ್ಯಾರ್ಥಿಗಳು ಹೊರಗಿನಿಂದ ಅನುಮತಿಪತ್ರ ಹಿಡಿದು ಒಳಗೆ ಹೋಗಿ, ಸಂಜೆ ಮನೆಗೆ ಮರಳುವವರು. ಇವರ ತ್ಯಾಗವನ್ನು ಅವರ ತ್ಯಾಗದೊಡನೆ ತೂಗುವ ಅವಿವೇಕವನ್ನು ನಾವು ಮಾಡುವುದಿಲ್ಲ. ಆದಾಗ್ಯೂ ಇವರು ಮಾಡಿದ ಕೆಲಸಕ್ಕೆ ಅದರದೇ ಆದ ಬೆಲೆಯುಂಟು.

ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಈ ಕೆಲಸವು ಆರಂಭವಾಯಿತು. ಮರಣದಂಡನೆಯ ಬಗ್ಗೆ ದೇಶದಲ್ಲಿ ವಾದವಿವಾದಗಳು ಎಷ್ಟೋ ನಡೆದಿದ್ದರೂ, ಹಾಗೆ ದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿ ಕುಳಿತವರು ಎಂಥವರು, ಎಷ್ಟು ಓದಿದವರು, ಯಾವ ಕಸುಬಿನವರು ಎಂಬುದನ್ನು ಒಂದೆಡೆ ಬರೆದಿಟ್ಟವರು ಇರಲಿಲ್ಲ. ಪ್ರಾಧ್ಯಾಪಕ ಶ್ರೀ ಅನೂಪ್ ಸುರೇಂದ್ರನಾಥರ ಮಾರ್ಗದರ್ಶನದಲ್ಲಿ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಕಾರವನ್ನು ಪಡೆದು, ವಿದ್ಯಾರ್ಥಿಗಳ ಗುಂಪುಗಳು ರಾಜ್ಯ ರಾಜ್ಯಗಳ ಸೆರೆಮನೆಗಳಿಗೆ ಹೊರಟುವು. ಆಗ ಮರಣದಂಡನೆಗೆ ಗುರಿಯಾಗಿದ್ದವರು 385 ಮಂದಿ. ಅವರಲ್ಲಿ 373 ಮಂದಿಯನ್ನು ಈ ಅಧ್ಯಯನವು ಒಳಗೊಂಡಿತು. ಕೈದಿಯೊಡನೆ ಮಾತನಾಡಿದ್ದಲ್ಲದೆ ಅವನ ಊರನ್ನೂ ಹುಡುಕಿಕೊಂಡು ಹೋಗಿ ಹೆಂಡತಿ ಮಕ್ಕಳನ್ನು, ಮುದಿ ತಾಯಿತಂದೆಗಳನ್ನು ಕಂಡು ಕೇಳಿ ಬರೆದುಕೊಂಡರು. ವರದಿಯು 2016ರ ಮೇ ತಿಂಗಳಲ್ಲಿ ಹೊರಬಂತು.

ಆ ವರದಿಯಲ್ಲಿ ಏನಿತ್ತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 373 ಮಂದಿಯಲ್ಲಿ ನೂರಕ್ಕೆ 74ರಷ್ಟು ಜನ ಆರ್ಥಿಕವಾಗಿ ದುರ್ಬಲರು. ನೂರಕ್ಕೆ 76ರಷ್ಟು ಜನ ಹಿಂದುಳಿದ ಯಾ ದಲಿತ ವರ್ಗಗಳಿಗೆ, ಇಲ್ಲವೆ ಅಲ್ಪಸಂಖ್ಯಾತ ಮತಗಳಿಗೆ ಸೇರಿದವರು. ನೂರಕ್ಕೆ 23 ಜನ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ನ್ಯಾಯಾಲಯದಲ್ಲಿ ತಮ್ಮ ಮೊಕದ್ದಮೆಯೇ ನಡೆಯುತ್ತಿದ್ದರೂ ಅಲ್ಲಿ ಏನು ಮಾತನಾಡಿದರೆಂಬುದು ಅನೇಕರಿಗೆ ತಿಳಿದಿರಲಿಲ್ಲ. ವಕೀಲರೂ ನ್ಯಾಯಾಧೀಶರೂ ಆಡುವ ಭಾಷೆ ಅವರದಾಗಿರಲಿಲ್ಲ. ಇದೇ ವರದಿಯು ಇನ್ನೊಂದು ಲೆಕ್ಕವನ್ನೂ ಕೊಟ್ಟಿತು. 2000ದಿಂದ 2015ರ ವರೆಗೆ ಕೆಳಗಿನ ನ್ಯಾಯಾಲಯಗಳು ಮರಣದಂಡನೆ ವಿಧಿಸಿ, ಮೇಲಿನ ನ್ಯಾಯಾಲಯಗಳಲ್ಲಿ ಕೊನೆಮುಟ್ಟಿದ ಪ್ರಕರಣಗಳನ್ನು ನೋಡಿದರೆ, ದಂಡನೆಯು ಕಡೆಯವರೆಗೂ ಉಳಿದುದು ನೂರಕ್ಕೆ ಐವರಿಗೂ ಕಡಿಮೆ. ನೂರಕ್ಕೆ ಸುಮಾರು ಮೂವತ್ತು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು! ಉಳಿದವರ ಶಿಕ್ಷೆ ಕಡಿಮೆಯಾಯಿತು.

ಮರಣದಂಡನೆ ಇರಬೇಕೆ, ಬೇಡವೆ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಅದಕ್ಕೆ ಬೇರೆ ದಿನ, ಬೇರೆ ಲೇಖನ ಬೇಕು. ನಮ್ಮ ಗಮನವನ್ನು ಸೆಳೆದುದು ಬೇರೊಂದು ಸಂಗತಿ. ಅತ್ಯಂತ ಕಠಿಣವಾದ ಶಿಕ್ಷೆಯ ಬಾಗಿಲಲ್ಲಿಯೇ ಪ್ರತಿ ನೂರರಲ್ಲಿ ಮೂವತ್ತು ಸಲ ತಪ್ಪಾಗಬಹುದಾದರೆ, ಪತ್ರಿಕೆಯಲ್ಲಿ ಹೆಸರೇ ಬಾರದ ಸಣ್ಣ ಕಳವು, ಸಣ್ಣ ಜಗಳಗಳ ಪಾಡೇನು? ಅಲ್ಲಿ ಯಾವ ವಿದ್ಯಾರ್ಥಿಯೂ ಹೋಗಿ ಎಣಿಸುವುದಿಲ್ಲ, ಯಾವ ಹಿರಿಯ ವಕೀಲನೂ ನಿಲ್ಲುವುದಿಲ್ಲ.

ದಿಲ್ಲಿಯ ಆ ತಂಡವು ಮುಂದೆ 'ಪ್ರಾಜೆಕ್ಟ್ 39ಎ' ಎಂಬ ಹೆಸರನ್ನು ತಳೆಯಿತು. ಬಡವನಿಗೆ ಧರ್ಮಾರ್ಥವಾಗಿ ಕಾನೂನಿನ ನೆರವು ಕೊಡತಕ್ಕದ್ದೆಂದು ಸಾರುವ, 1976ರಲ್ಲಿ ಸಂವಿಧಾನಕ್ಕೆ ಸೇರಿದ, 39ಎ ವಿಧಿಯೇ ಈ ಹೆಸರಿಗೆ ಮೂಲ. ಈಗ ಆ ಕಾರ್ಯವು ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ ಬೇರೆ ಹೆಸರಿನಿಂದ ಮುಂದುವರಿದಿದೆ. ಅವರು ಕೈಗೆತ್ತಿಕೊಂಡ ಒಂದು ಪ್ರಕರಣವು ನಮ್ಮ ನೆರೆಯ ಪುಣೆಗೇ ಸೇರಿದ್ದಾದುದರಿಂದ ಅದನ್ನು ಇಲ್ಲಿ ಹೇಳಲೇಬೇಕು.

1994ರಲ್ಲಿ ಪುಣೆಯಲ್ಲಿ ಒಂದೇ ಮನೆಯ ಐವರು ಹೆಂಗಸರೂ ಇಬ್ಬರು ಮಕ್ಕಳೂ ಕೊಲೆಯಾದರು. ಆ ಹೆಂಗಸರಲ್ಲಿ ಒಬ್ಬಾಕೆ ತುಂಬು ಬಸುರಿ. ಪುಣೆಯವರು ಅದನ್ನು ಇಂದಿಗೂ ಮರೆತಿಲ್ಲ, ಮರೆಯುವಂಥದೂ ಅಲ್ಲ. ಆ ಸಂಬಂಧ ಹಿಡಿದವರಲ್ಲಿ ರಾಜಸ್ಥಾನದ ಬಿಕಾನೇರ್ ಕಡೆಯಿಂದ ಊರು ಬಿಟ್ಟು ಬಂದ ಒಬ್ಬ ಹುಡುಗನಿದ್ದನು. ಪೊಲೀಸರ ಕಾಗದದಲ್ಲಿ ಅವನ ಹೆಸರು ಬೇರೆಯಾಗಿ ದಾಖಲಾಯಿತು. ವಯಸ್ಸು 20ಕ್ಕೆ ಮೇಲೆಂದು ಬರೆಯಲ್ಪಟ್ಟಿತು. ಮರಣದಂಡನೆಯಾಯಿತು, 2000ದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಊರಿನ ಸರಕಾರಿ ಶಾಲೆಯ ದಾಖಲೆ ಪುಸ್ತಕದಲ್ಲಿ ಅವನ ನಿಜವಾದ ಹೆಸರೂ ಹುಟ್ಟಿದ ದಿನವೂ ಬರೆದಿದ್ದುವು. ಅದರ ಪ್ರಕಾರ ಅಪರಾಧ ನಡೆದ ದಿನ ಅವನಿಗೆ 12 ವರ್ಷ 6 ತಿಂಗಳು. ಹುಡುಗನಾಗಿದ್ದವನಿಗೆ ಕಾನೂನು ವಿಧಿಸಬಹುದಾದುದು ಹೆಚ್ಚೆಂದರೆ ಮೂರು ವರ್ಷ. ಪುಣೆಯ ಜಿಲ್ಲಾ ನ್ಯಾಯಾಧೀಶರಿಂದ ತನಿಖೆ ಮಾಡಿಸಿ, 2023ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ 28 ವರ್ಷಗಳು ಕಳೆದಿದ್ದುವು. ಸೆರೆಮನೆಯಲ್ಲಿಯೇ ಓದಿ ಪದವೀಧರನಾದ ಆತನು ಮರಳಿ ಊರಿಗೆ ಹೋದಾಗ, ಮನೆಮಾತು ನಾಲಗೆಯಿಂದ ಜಾರಿಹೋಗಿ, ತಾಯಿಯೊಡನೆ ಮಾತನಾಡಲು ಕಷ್ಟಪಟ್ಟನೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಪರಭಾಷೆಯ ನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ವಾಚಕರಿಗೆ ಈ ಕೊನೆಯ ಮಾತಿನ ನೋವು ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ಆ ಹೆಂಗಸರ, ಮಕ್ಕಳ ವಿಷಯದಲ್ಲಿ ಈ ವಿದ್ಯಾರ್ಥಿಗಳಿಗೆ ಕನಿಕರವಿಲ್ಲವೆ ಎಂದು ಕೇಳುವವರುಂಟು. ಇದು ಸಲ್ಲದ ಪ್ರಶ್ನೆಯೆಂದು ನಾವು ಹೇಳುವುದಿಲ್ಲ. ಅಂಥ ಮನೆಯವರ ಎದುರು ನಿಂತು ನ್ಯಾಯದ ಸೂಕ್ಷ್ಮಗಳನ್ನು ಹೇಳಲು ನಮಗೂ ಬಾಯಿ ಬಾರದು. ಆದರೆ ಹನ್ನೆರಡು ವರ್ಷದ ಹುಡುಗನಿಗೆ ಇಪ್ಪತ್ತು ವರ್ಷವೆಂದು ಬರೆದುದರಿಂದ ಆ ಮನೆಯವರಿಗೆ ಆದ ಉಪಕಾರವಾದರೂ ಏನು?

ವಿದ್ಯಾರ್ಥಿಗಳ ಉತ್ಸಾಹದಲ್ಲಿ ಅಪಾಯವಿಲ್ಲವೆಂದೂ ಅಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ನಡೆದುದನ್ನು ಇಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಕಲಿಯುತ್ತಿದ್ದ ವಿದ್ಯಾರ್ಥಿಗಳು, ಮರಣದಂಡನೆಯ ದಿನ ತೀರ ಹತ್ತಿರವಾಗಿದ್ದ ಕೈದಿಯೊಬ್ಬನ ಪ್ರಕರಣವನ್ನು ತಾವೇ ಹುಡುಕಿ ನೋಡಿದರು. 1999ರಲ್ಲಿ ಅವನು ಬಿಡುಗಡೆಯಾದನು; ಮರುವರ್ಷ ಅಲ್ಲಿಯ ಗವರ್ನರರು ಮರಣದಂಡನೆಗಳನ್ನೆಲ್ಲ ತಡೆಹಿಡಿದರು. ದೇಶವೇ ಆ ವಿದ್ಯಾರ್ಥಿಗಳನ್ನು ಕೊಂಡಾಡಿತು. ಆದರೆ ಅದೇ ಕೊಲೆಯನ್ನು ತಾನು ಮಾಡಿದೆನೆಂದು ಒಪ್ಪಿಕೊಂಡು ಒಳಗೆ ಹೋದ ಇನ್ನೊಬ್ಬನನ್ನು 2014ರಲ್ಲಿ ಬಿಡಬೇಕಾಯಿತು. ವಿದ್ಯಾರ್ಥಿಗಳ ಪ್ರಾಧ್ಯಾಪಕನೊಡನೆ ಕೆಲಸ ಮಾಡುತ್ತಿದ್ದ ಖಾಸಗಿ ಪತ್ತೇದಾರನು ಅವನಿಂದ ಒಪ್ಪಿಗೆಯನ್ನು ಪಡೆದ ರೀತಿಯೇ ನೆಟ್ಟಗಿರಲಿಲ್ಲವೆಂದು ಹೊರಬಿತ್ತು. ಒಬ್ಬನನ್ನು ಹೊರತರುವ ಭರದಲ್ಲಿ ಇನ್ನೊಬ್ಬನನ್ನು ಒಳಕ್ಕೆ ಹಾಕಿದಂತಾಯಿತು. ಆದುದರಿಂದ ವಿದ್ಯಾರ್ಥಿಯು ನ್ಯಾಯಾಧೀಶನೂ ಆಗಬಾರದು, ಪೊಲೀಸನೂ ಆಗಬಾರದು. ದಿಲ್ಲಿಯವರು ಶಾಲೆಯ ದಾಖಲೆಗಳನ್ನೂ ಕುಟುಂಬಗಳನ್ನೂ ಹುಡುಕಿ ನ್ಯಾಯಾಲಯದ ಮುಂದಿಟ್ಟು ಸುಮ್ಮನಾದರು. ಅವರ ಹಾದಿ ನಮಗೆ ಹೆಚ್ಚು ಸರಿಯೆಂದು ತೋರುತ್ತದೆ.

ಇನ್ನು ನಮ್ಮ ಮುಂಬಯಿಗೆ ಬರೋಣ. ಸಾತ್ ರಸ್ತಾದ ಸಮೀಪದಲ್ಲಿರುವ ಆರ್ಥರ್ ರೋಡ್ ಸೆರೆಮನೆಯ ಗೋಡೆಯನ್ನು ನೋಡದ ಮುಂಬಯಿ ಕನ್ನಡಿಗನಿಲ್ಲ. ಸುಮಾರು 800 ಜನರಿಗೆಂದು ನಿಗದಿಯಾಗಿದ್ದ ಆ ಕಟ್ಟಡದಲ್ಲಿ 2020ರ ವೇಳೆಗೆ ಅದರ ಮೂರು ಪಾಲಿಗೂ ಮೀರಿ ಜನರಿದ್ದರು. ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1990ರಲ್ಲಿ 'ಪ್ರಯಾಸ್' ಎಂಬ ಕಾರ್ಯವನ್ನು ಸೆರೆಮನೆಯವರ ನಡುವೆ ಆರಂಭಿಸಿದರು. ಸಮಾಜಸೇವೆಯ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳು ಅಲ್ಲಿ ಕೆಲಸ ಕಲಿಯುತ್ತಾರೆ. ಆ ಕೆಲಸವೇನೆಂದು ಕೇಳಿದರೆ ವಾಚಕರಿಗೆ ಅದು ತೀರ ಸಾಮಾನ್ಯವೆಂದು ಕಂಡೀತು. ಊರಿನ ಮನೆಗೆ ಸುದ್ದಿ ಮುಟ್ಟಿಸುವುದು. ವಕೀಲನು ಯಾರೆಂದು ಗೊತ್ತುಮಾಡುವುದು. ನ್ಯಾಯಾಲಯದ ಮುಂದಿನ ತಾರೀಖನ್ನು ತಿಳಿಸುವುದು. ಹೊರಗೆ ಬಂದವನಿಗೆ ಒಂದು ಉದ್ಯೋಗವನ್ನು ಹುಡುಕಿಕೊಡುವುದು. ನಮ್ಮ ಹೋಟೆಲುಗಳಲ್ಲಿ ಊರಿನಿಂದ ಹೊಸದಾಗಿ ಬಂದ ಮಾಣಿಗೆ ಹಳಬರು ಮಾಡುವ ಉಪಕಾರಕ್ಕಿಂತ ಇದು ಬೇರೆಯಲ್ಲ. ವ್ಯತ್ಯಾಸವೇನೆಂದರೆ ಇಲ್ಲಿ ಉಪಕಾರವನ್ನು ಪಡೆಯುವವನ ಹತ್ತಿರ ಹೋಗಲು ಎಲ್ಲರೂ ಹೆದರುತ್ತಾರೆ.

ಜಾಮೀನಿನ ಸಂಗತಿಯನ್ನೇ ತೆಗೆದುಕೊಳ್ಳಿ. ಜಾಮೀನು ಮಂಜೂರಾಯಿತೆಂದರೆ ಮನುಷ್ಯನು ಅಂದೇ ಹೊರಗೆ ಬಂದನೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಹತ್ತು, ಹದಿನೈದು, ಇಪ್ಪತ್ತು ಸಾವಿರ ರೂಪಾಯಿಗಳಿಗೆ ಇನ್ನೊಬ್ಬನು ಹೊಣೆ ನಿಲ್ಲಬೇಕು. ಅವನಿಗೆ ಇದೇ ಊರಿನಲ್ಲಿ ಮನೆಯ ವಿಳಾಸವಿರಬೇಕು. ರೇಷನ್ ಕಾರ್ಡು, ಸಂಬಳದ ಚೀಟಿ, ಕೆಲವೊಮ್ಮೆ ತಹಸೀಲ್ದಾರರ ಕಚೇರಿಯ ಸಾಲ್ವೆನ್ಸಿ ಸರ್ಟಿಫಿಕೇಟು ಬೇಕು. ಊರಿನಲ್ಲಿ ಎರಡೆಕರೆ ಗದ್ದೆಯಿರುವ ಅಣ್ಣನು ರಾತ್ರಿ ಬಸ್ಸಿನಲ್ಲಿ ಬಂದು ನಿಂತರೂ, ಆ ಗದ್ದೆಯು ಕುಂದಾಪುರದಲ್ಲಿದೆ, ಮುಂಬಯಿಯಲ್ಲಿಲ್ಲ! ಮಂಜೂರಾದ ಜಾಮೀನನ್ನು ಬಳಸಿಕೊಳ್ಳಲಾಗದೆ ಒಳಗೇ ಉಳಿದವರ ಲೆಕ್ಕವನ್ನು ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ತೆಗೆಸಿದಾಗ, ದೇಶದಲ್ಲಿ ಸುಮಾರು 5,000 ಮಂದಿ ಹಾಗಿರುವರೆಂದು ಕಾನೂನು ಸೇವಾ ಪ್ರಾಧಿಕಾರದವರು ತಿಳಿಸಿದ್ದರು.

ಈ ಅನ್ಯಾಯವು ಯಾರಿಗೂ ತಿಳಿಯದೆ ನಡೆದುದಲ್ಲ. 1978ರಲ್ಲಿಯೇ ಮಧ್ಯಪ್ರದೇಶದ ಒಬ್ಬ ಬಡ ಗಾರೆಕೆಲಸದವನ ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಗಳ ಜಾಮೀನು ಕೇಳಿದ್ದರು. ಅವನ ಸಹೋದರನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿಹಾಕಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರರು ತಮ್ಮ ತೀರ್ಪಿನಲ್ಲಿ, ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ಆಂಧ್ರನೋ ದೂರದ ಬಸ್ತಾರಿನಲ್ಲಿ ಯಾ ದಿಲ್ಲಿಯ ಚಾಂದನಿ ಚೌಕದಲ್ಲಿ ಸೆರೆಸಿಕ್ಕಿದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರುವನೆಂದು ಪ್ರಶ್ನಿಸಿದರು. ದೇಶದ ಅತ್ಯುಚ್ಚ ನ್ಯಾಯಪೀಠವು ಪರಸ್ಥಳದಲ್ಲಿರುವ ಕನ್ನಡಿಗನನ್ನು ಹೀಗೆ ಹೆಸರು ಹಿಡಿದು ನೆನೆದುದು ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಗಾರೆಕೆಲಸದವನನ್ನು 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆಜ್ಞೆಯಾಯಿತು. ತರುವಾಯ 45 ವರ್ಷಗಳಾದುವು. 2023ರ ಜನವರಿ 31ರಂದು ಅದೇ ನ್ಯಾಯಾಲಯವು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದ ಬಿಡುಗಡೆಗಳು ತಡವಾಗುತ್ತಿವೆ, ಅಂಥ ಷರತ್ತನ್ನು ಹಾಕದಿರುವುದು ಲೇಸು ಎಂದು ಮತ್ತೊಮ್ಮೆ ಹೇಳಬೇಕಾಗಿ ಬಂತು. ಜಾಮೀನು ಸಿಕ್ಕಿ ಏಳು ದಿನಗಳಾದರೂ ಕೈದಿಯು ಹೊರಗೆ ಬಾರದಿದ್ದರೆ ಸೆರೆಮನೆಯ ಅಧಿಕಾರಿಯು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದೆಂದೂ, ಒಂದು ತಿಂಗಳಾದರೆ ಷರತ್ತನ್ನು ಸಡಿಲಿಸಬಹುದೇ ಎಂಬುದನ್ನು ನ್ಯಾಯಾಲಯವು ತಾನಾಗಿಯೇ ಪರಿಶೀಲಿಸಬಹುದೆಂದೂ ಆಗ ಸೂಚನೆಯಾಗಿದೆ.

ಇಷ್ಟನ್ನು ಬರೆದ ಮೇಲೆ ನಮ್ಮದೇ ಒಂದು ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ನಾವು ಪತ್ರಿಕೆಗೆ ಬರುವ ಮುಂಚೆ ಹೋಟೆಲು ನಡೆಸುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಲೋಟ ತೊಳೆಯುವ ಕೆಲಸಕ್ಕೆ ಬಂದು ಸಪ್ಲಾಯರ್ ಆಗಿದ್ದ ಘಟ್ಟದ ಕೆಳಗಿನ ಹುಡುಗನೊಬ್ಬನು, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಹೊರಗೆ ಹೋದವನು ಮರುದಿನ ಬೆಳಿಗ್ಗೆ ಇಡ್ಲಿಯ ಹೊತ್ತಿಗೆ ಬರಲಿಲ್ಲ. ಪಕ್ಕದ ಬೀದಿಯ ಒಂದು ಕಳವಿನ ಸಂಶಯದಲ್ಲಿ ಅವನನ್ನೂ ಇನ್ನಿಬ್ಬರನ್ನೂ ಹಿಡಿದೊಯ್ದಿದ್ದರು. ವಾರ ಕಳೆದು ಜಾಮೀನು ಮಂಜೂರಾಯಿತು: 15,000 ರೂಪಾಯಿ, ಒಬ್ಬ ಸ್ಥಳೀಯ ಹೊಣೆಗಾರ. ಅವನ ಸೋದರಮಾವನು ಊರಿನಿಂದ ಬಂದು ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ನಿಂತನು. "ಅಣ್ಣಾ, ದುಡ್ಡು ನಾನು ಹೇಗಾದರೂ ಹೊಂದಿಸುತ್ತೇನೆ. ನಿಮ್ಮದೊಂದು ಸಹಿ ಬೇಕಲ್ಲ" ಎಂದನು.

ನಾವು ವಕೀಲರ ಫೀಸಿಗೆಂದು ಹಣ ಕೊಟ್ಟೆವು. ಮಾವನಿಗೆ ಎರಡು ದಿನ ಊಟ ಹಾಕಿಸಿದೆವು, ಬಸ್ಸಿನ ಚಾರ್ಜನ್ನೂ ಕೊಟ್ಟೆವು. ಸಹಿ ಮಾತ್ರ ಹಾಕಲಿಲ್ಲ. ಲೈಸೆನ್ಸಿನ ನವೀಕರಣ ಮುಂದಿತ್ತು. ಹುಡುಗನು ಓಡಿಹೋದರೆ ನಮ್ಮ ತಲೆಯ ಮೇಲೆ ಬರುವುದೆಂದು ಪರಿಚಯದವರು ಹೆದರಿಸಿದ್ದರು. ಹೆದರುವ ಮನಸ್ಸು ನಮ್ಮಲ್ಲಿಯೇ ಇತ್ತೆಂಬುದು ಹೆಚ್ಚು ಸತ್ಯ. ಹುಡುಗನು ಏಳು ತಿಂಗಳು ಒಳಗಿದ್ದನು. ಕೊನೆಗೆ ಅವನ ಮೇಲೆ ಸಾಕ್ಷ್ಯವೇ ಇಲ್ಲವೆಂದು ಬಿಟ್ಟರು. ಅವನು ಮತ್ತೆ ನಮ್ಮ ಹೋಟೆಲಿಗೆ ಬರಲಿಲ್ಲ. ಬಾಕಿಯಿದ್ದ ಹದಿನೇಳು ದಿನಗಳ ಸಂಬಳವನ್ನು ಮನಿಯಾರ್ಡರು ಮಾಡಿದೆವು. ಅದು ತಲುಪಿದ ರಸೀದಿಯಲ್ಲಿ ಅವನ ತಾಯಿಯ ಹೆಬ್ಬೆಟ್ಟಿನ ಗುರುತಿತ್ತು.

ಜಾಮೀನುದಾರನ ಹೊಣೆಯೆಂದರೆ ಏನೆಂಬುದು ಆಗ ನಮಗೆ ಸರಿಯಾಗಿ ತಿಳಿದಿರಲಿಲ್ಲ. ಈಗಲೂ ಬಹುಮಂದಿಗೆ ತಿಳಿದಿಲ್ಲವೆಂದು ಕಾಣುತ್ತದೆ. ಅವನು ಅಪರಾಧಕ್ಕೆ ಹೊಣೆಯಲ್ಲ. ಆರೋಪಿಯು ಕರೆದ ದಿನ ನ್ಯಾಯಾಲಯಕ್ಕೆ ಬರುವನೆಂಬುದಕ್ಕೆ ಮಾತ್ರ ಹೊಣೆ. ಬಾರದಿದ್ದರೆ ಮುಚ್ಚಳಿಕೆಯಲ್ಲಿ ಬರೆದ ಮೊಬಲಗನ್ನು ಕಟ್ಟಬೇಕಾಗಬಹುದು. 15,000ದ ಭಯಕ್ಕೆ ಒಬ್ಬನ ಏಳು ತಿಂಗಳುಗಳನ್ನು ನಾವು ಬಿಟ್ಟುಕೊಟ್ಟೆವು. ದೇವನಾರಿನ ವಿದ್ಯಾರ್ಥಿಯೊಬ್ಬನು ಅಂದು ನಮ್ಮ ಗಲ್ಲಾದ ಮುಂದೆ ಬಂದು ಇಷ್ಟನ್ನು ತಿಳಿಯಹೇಳಿದ್ದರೆ ನಾವು ಸಹಿ ಹಾಕುತ್ತಿದ್ದೆವೋ ಏನೋ. ಹಾಕುತ್ತಿದ್ದೆವೆಂದು ಆಣೆಯಿಟ್ಟು ಹೇಳಲಾರೆವು.

ಸರಕಾರವು ಏನನ್ನೂ ಮಾಡಿಲ್ಲವೆಂದು ದೂರುವುದು ಸರಿಯಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದ ಪ್ರಕಾರ, ಬಂಧನದಲ್ಲಿರುವ ಯಾವನೇ ಆಗಲಿ, ಅವನ ಆದಾಯವೆಷ್ಟೆಂಬುದನ್ನು ನೋಡದೆ, ಉಚಿತ ವಕೀಲನನ್ನು ಪಡೆಯಲು ಹಕ್ಕುಳ್ಳವನು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆಂದೂ ಯಾವ ಅಪರಾಧದಲ್ಲಿಯೂ ದೋಷಿಯೆಂದು ತೀರ್ಪಾಗದವನು ತನ್ನ ಮೇಲಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯ ಕಾಲದಲ್ಲಿಯೇ ಕಳೆದಿದ್ದರೆ ಅವನನ್ನು ಬಿಡತಕ್ಕದ್ದು. ಮರಣದಂಡನೆ ಯಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವರಿಗೂ ಇದು ಸಲ್ಲದು. ಹಳೆಯ ಕೈದಿಗಳಿಗೂ ಈ ಸೌಲಭ್ಯವು ಅನ್ವಯಿಸುವುದೆಂದು ಅದೇ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಜಾಮೀನಿನ ಹಣ ಕಟ್ಟಲಾರದ ಬಡ ಕೈದಿಗೆ ನೆರವು ನೀಡುವ ಕೇಂದ್ರ ಯೋಜನೆಯು 2023ರಲ್ಲಿ ಬಂದಿದೆ. ಇವೆಲ್ಲವೂ ಇವೆ. ಆದರೆ ಒಳಗಿದ್ದವನು ಎಷ್ಟು ದಿನ ಕಳೆದನೆಂದು ಎಣಿಸುವವರು, ಅರ್ಜಿಯನ್ನು ಬರೆದುಕೊಡುವವರು, ಊರಿನ ವಿಳಾಸವನ್ನು ಹುಡುಕಿ ಪತ್ರ ಹಾಕುವವರು ಬೇಕು. ವಕೀಲನ ಸನ್ನದು ಇಲ್ಲದ ವಿದ್ಯಾರ್ಥಿಯು ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಈ ಕೆಲಸಗಳನ್ನು ಮಾಡಬಾರದೆಂದು ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿಯೂ ಕಾನೂನು ಕಾಲೇಜುಗಳಲ್ಲಿಯೂ ನೆರವಿನ ಕೇಂದ್ರಗಳನ್ನು ಬೆಳೆಸಬೇಕೆಂದು ಮೇಲೆ ಹೇಳಿದ 1987ರ ಶಾಸನದಲ್ಲಿಯೇ ಇದೆ. ಬಾಗಿಲ ಮೇಲೆ ಫಲಕವಿದ್ದು ಒಳಗೆ ಕುರ್ಚಿ ಖಾಲಿಯಿರುವ ಕೇಂದ್ರಗಳನ್ನು ನಾವು ಕಂಡಿದ್ದೇವೆ. ಅಲ್ಲಿಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಮೊದಲು ಆ ಕುರ್ಚಿಯಲ್ಲಿ ಕುಳಿತುಕೊಳ್ಳಲಿ.

ಭಾಷೆಯ ತೊಡಕು ಬೇರೆಯುಂಟು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಎಲ್ಲೆಡೆಯೂ ಕಾನೂನು ಓದುತ್ತಿರುವ ಕನ್ನಡ ಹುಡುಗ ಹುಡುಗಿಯರು ಇದ್ದಾರೆ. ಯಾದಗಿರಿಯಿಂದಲೋ ವಿಜಯಪುರದಿಂದಲೋ ಕಟ್ಟಡದ ಕೆಲಸಕ್ಕೆ ಬಂದು, ಮರಾಠಿಯನ್ನಾಗಲಿ ತಮಿಳನ್ನಾಗಲಿ ಓದಬಾರದೆ, ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆನೆಂಬುದನ್ನೂ ತಿಳಿಯದ ಕೂಲಿಗಾರನಿಗೆ ಅವನ ಮಾತಿನಲ್ಲಿ ಅದನ್ನು ಓದಿಹೇಳಲು ಇವರಿಗಿಂತ ತಕ್ಕವರು ಯಾರು? ನಮ್ಮ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಹಣ್ಣು ಕೊಡುತ್ತವೆ, ಒಳ್ಳೆಯದೇ. ಅದೇ ವೇದಿಕೆಯಲ್ಲಿ ಅವರಿಗೆ ಈ ಒಂದು ಕೆಲಸವನ್ನೂ ಒಪ್ಪಿಸಬಹುದು. ಜಾಮೀನಿಗೆ ನಿಲ್ಲಲು ಸಿದ್ಧರಿರುವ, ಕಾಗದಪತ್ರಗಳು ಸರಿಯಿರುವ ಹತ್ತು ಮಂದಿ ಸದಸ್ಯರ ಪಟ್ಟಿಯನ್ನು ಸಂಘವು ಇಟ್ಟುಕೊಳ್ಳಲಿ. ಯಾರಿಗಾಗಿ ನಿಲ್ಲಬೇಕು, ಯಾರಿಗಾಗಿ ಬೇಡವೆಂಬುದನ್ನು ಸಮಿತಿಯು ಪ್ರಕರಣವನ್ನು ನೋಡಿ ತೀರ್ಮಾನಿಸಲಿ. ಘೋರ ಅಪರಾಧಗಳ ಆರೋಪವಿದ್ದವರ ವಿಷಯವನ್ನು ವಕೀಲರಿಗೇ ಬಿಡಲಿ. ಇದರಲ್ಲಿ ಹಣ ಮುಳುಗುವ ಸಂಭವವಿಲ್ಲವೆಂದು ನಾವು ಹೇಳುವುದಿಲ್ಲ. ಹತ್ತರಲ್ಲಿ ಒಬ್ಬನು ಕೈಕೊಟ್ಟಾನು. ಹೋಟೆಲಿನಲ್ಲಿ ಉದ್ರಿ ಲೆಕ್ಕ ಬರೆದವರಿಗೆ ಇದು ಹೊಸ ಅನುಭವವೇನೂ ಅಲ್ಲ.

ಹೋಟೆಲು ಮಾಲಕರಿಗೆ ಇನ್ನೊಂದು ಮಾತು. ಕೆಲಸದವರ ಹಾಜರಿ ಪುಸ್ತಕದಲ್ಲಿ ಹೆಸರು, ಸಂಬಳ ಮಾತ್ರ ಬರೆಯುವ ಪದ್ಧತಿಯನ್ನು ಬಿಟ್ಟು, ಪ್ರತಿಯೊಬ್ಬನ ಊರಿನ ಪೂರ್ಣ ವಿಳಾಸ, ತಂದೆಯ ಯಾ ತಾಯಿಯ ಹೆಸರು, ಮನೆಯವರ ಫೋನ್ ನಂಬರು, ಕಲಿತ ಶಾಲೆಯ ಹೆಸರು, ಇವನ್ನು ಬರೆದಿಡಿರಿ. ಶಾಲೆಯ ಸರ್ಟಿಫಿಕೇಟಿನ ಒಂದು ನಕಲನ್ನು ತೆಗೆದಿಡಿರಿ. ಬಿಕಾನೇರಿನ ಹುಡುಗನನ್ನು 28 ವರ್ಷಗಳ ಮೇಲಾದರೂ ಹೊರಗೆ ತಂದುದು ಅಂಥ ಒಂದು ಕಾಗದವೇ. ಚಿಕ್ಕ ವಯಸ್ಸಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬಾರದೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಯಾರನ್ನಾದರೂ ಪೊಲೀಸರು ಕರೆದೊಯ್ದರೆಂದು ತಿಳಿದ ದಿನವೇ ಯಾವ ಠಾಣೆ, ಯಾವ ನ್ಯಾಯಾಲಯ ಎಂಬುದನ್ನು ಬರೆದುಕೊಂಡು ಊರಿಗೆ ತಿಳಿಸಿರಿ. ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು. ದೂರವಾಣಿಯಲ್ಲಿ 15100ಕ್ಕೆ ಕರೆದರೂ ಆದೀತು.